ಪಾಲಿಗೆ ಬಂದ ಹಾಡು

ಅವಿಭಕ್ತ ಕುಟುಂಬದಲ್ಲಿ ಹುಟ್ಟಿ ಬೆಳೆದವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಮನೆ ಒಡೆಯುವಾಗ ಜಗಳ ಬರುವುದು ಗದ್ದೆ ತೋಟಗಳಿಗಾಗಿ ಅಲ್ಲ. ಅವಕ್ಕೆ ಅಳತೆಯುಂಟು, ಪತ್ರವುಂಟು, ಹಂಚಿಕೊಡಲು ನಾಲ್ಕು ಜನ ಹಿರಿಯರುಂಟು. ಜಗಳ ಬರುವುದು ಅಳತೆಗೆ ಸಿಕ್ಕದ ವಸ್ತುಗಳಿಗಾಗಿ. ನಮ್ಮ ಚಿಕ್ಕಪ್ಪ ಬೇರೆ ಒಲೆ ಹೂಡಿದಾಗ ಜಮೀನಿನ ಹಂಚಿಕೆ ಒಂದೇ ದಿನದಲ್ಲಿ ಮುಗಿದುಹೋಯಿತು. ಮೂರು ತಿಂಗಳು ಹಿಡಿದದ್ದು ಅಜ್ಜಿಯ ಬೀಸುವ ಕಲ್ಲಿನ ವಿಚಾರ. ಅದನ್ನು ಹನ್ನೆರಡು ವರ್ಷ ತಿರುಗಿಸಿದವಳು ತಾನು ಎಂದು ಚಿಕ್ಕಮ್ಮ ಹೇಳುತ್ತಿದ್ದಳು. ಕಲ್ಲು ಮನೆಯದು, ತಿರುಗಿಸಿದವರದಲ್ಲ ಎಂದು ದೊಡ್ಡಮ್ಮ ಹೇಳುತ್ತಿದ್ದಳು. ಇಬ್ಬರು ಹೇಳಿದ್ದೂ ನಿಜವೇ ಆದುದರಿಂದ ಆ ಜಗಳ ತೀರುವ ಹಾಗಿರಲಿಲ್ಲ.

ಈ ಹಳೆಯ ಕಥೆ ಈಚೆಗೆ ನೆನಪಾದುದು ಬಹಳ ದೂರದ ಒಂದು ನೆಪದಿಂದ. ನನ್ನ ಸೋದರಳಿಯನಿಗೆ ಇಂಗ್ಲಿಷ್ ಸಂಗೀತದ ಹುಚ್ಚು. ಕೈಬೆರಳಿನಿಂದ ಒತ್ತಿದರೆ ಸಾಕು, ಯಾವ ಹಾಡು ಬೇಕಾದರೂ ಕೇಳುವ ಈ ಕಾಲದಲ್ಲಿಯೂ ಅವನು ಹಳೆಯ ತಟ್ಟೆಗಳನ್ನು ಹುಡುಕಿ ಕೊಳ್ಳುತ್ತಾನೆ. ಒಂದು ಭಾನುವಾರ ಮೂರು ತಟ್ಟೆಗಳಿದ್ದ ಭಾರವಾದ ಪೆಟ್ಟಿಗೆಯೊಂದನ್ನು ತಂದು ನನ್ನ ಮುಂದಿಟ್ಟು, “ಮಾವ, ಜಾರ್ಜ್ ಹ್ಯಾರಿಸನ್ ಬೀಟಲ್ಸ್ ಬಿಟ್ಟು ಹೊರಗೆ ಬಂದ ಮೇಲೆ ಮಾಡಿದ ಮೊದಲನೆಯ ರೆಕಾರ್ಡು ಇದು. ಇದರಲ್ಲಿರುವುದೆಲ್ಲ ಅವನ ಸ್ವಂತದ್ದು” ಎಂದ.

ಮುಚ್ಚಳದ ಮೇಲಿನ ಚಿತ್ರವನ್ನು ನೋಡಿದೆ. ವಿಶಾಲವಾದ ಹುಲ್ಲುಹಾಸು, ನಡುವೆ ಟೋಪಿ ಹಾಕಿಕೊಂಡು, ತೋಟದ ಬೂಟು ತೊಟ್ಟು ಕುಳಿತ ಗಡ್ಡದ ಮನುಷ್ಯ, ಅವನ ಸುತ್ತ, ಅಲ್ಲಿಯವರು ತೋಟದ ಅಲಂಕಾರಕ್ಕೆ ಇಡುವಂಥ ನಾಲ್ಕು ಕುಳ್ಳ ಬೊಂಬೆಗಳು. ಬೊಂಬೆಗಳು ನಾಲ್ಕು, ಬೀಟಲರೂ ನಾಲ್ವರು. ಹಾಡುಗಳನ್ನು ಕೇಳುವ ಮೊದಲೇ ಸೋದರಳಿಯನ ಒಂದು ಮಾತು ನನ್ನನ್ನು ಹಿಡಿದುಕೊಂಡಿತು. ‘ಸ್ವಂತದ್ದು’ ಎಂದರೇನು? ಹತ್ತಾರು ವರ್ಷ ಒಂದು ಮೇಳದಲ್ಲಿದ್ದವನು ಎದ್ದು ಹೊರಟಾಗ, ಅವನ ಗಂಟಿನಲ್ಲಿ ಅವನದೆಷ್ಟು, ಮೇಳದ್ದೆಷ್ಟು?

ಸಂಗತಿಯನ್ನು ಅರಿಯದ ಓದುಗರಿಗಾಗಿ ಸ್ವಲ್ಪ ಹಿಂದಿನದನ್ನು ಹೇಳಬೇಕು. ಹ್ಯಾರಿಸನ್ ಹುಟ್ಟಿದ್ದು 1943ರಲ್ಲಿ, ಇಂಗ್ಲೆಂಡಿನ ಬಂದರು ನಗರವಾದ ಲಿವರ್‌ಪೂಲಿನಲ್ಲಿ. ಸ್ಕೂಲಿನ ಬಸ್ಸಿನಲ್ಲಿ ಪರಿಚಯವಾದ ಹಿರಿಯ ಹುಡುಗ ಪಾಲ್ ಮೆಕಾರ್ಟ್ನಿ ಅವನನ್ನು ಇನ್ನೂ ಹಿರಿಯನಾದ ಜಾನ್ ಲೆನನ್ನನ ಬಳಿಗೆ ಕರೆದೊಯ್ದ. 1958ರಲ್ಲಿ ಮೇಳಕ್ಕೆ ಸೇರಿದಾಗ ಈತ ಮೀಸೆ ಮೂಡದ ಹುಡುಗ. ಎರಡು ವರ್ಷಗಳ ಮೇಲೆ ಜರ್ಮನಿಯ ಹ್ಯಾಂಬರ್ಗಿನ ರಾತ್ರಿ ಕ್ಲಬ್ಬುಗಳಲ್ಲಿ ನುಡಿಸಲು ಹೋದಾಗ, ವಯಸ್ಸು ಸಾಲದೆಂದು ಅಲ್ಲಿಯ ಸರ್ಕಾರ ಇವನೊಬ್ಬನನ್ನು ಊರಿಗೆ ಹಿಂದಕ್ಕೆ ಅಟ್ಟಿತು. ಮುಂದೆ ಡ್ರಮ್ ಬಾರಿಸುವ ರಿಂಗೋ ಸ್ಟಾರ್ ಬಂದು ನಾಲ್ವರಾದರು, ಲೋಕಪ್ರಸಿದ್ಧರಾದರು. ಆದರೆ ಮನೆಯ ಕಿರಿಯ ತಮ್ಮ ಕಿರಿಯ ತಮ್ಮನಾಗಿಯೇ ಉಳಿದ. ಹಾಡು ಕಟ್ಟುವವರು ಹಿರಿಯರಿಬ್ಬರು. ತಟ್ಟೆಯಲ್ಲಿ ಇವನ ಪಾಲಿಗೆ ಒಂದೋ ಎರಡೋ. 1966ರ ‘ರಿವಾಲ್ವರ್’ನಲ್ಲಿ ಹದಿನಾಲ್ಕಕ್ಕೆ ಮೂರು, ಮರುವರ್ಷದ ‘ಸಾರ್ಜೆಂಟ್ ಪೆಪ್ಪರ್’ನಲ್ಲಿ ಹದಿಮೂರಕ್ಕೆ ಒಂದು, 1968ರ ಜೋಡಿ ತಟ್ಟೆಯಲ್ಲಿ ಮೂವತ್ತಕ್ಕೆ ನಾಲ್ಕು.

ಈ ಲೆಕ್ಕವನ್ನು ಕೇಳಿದವರೆಲ್ಲ ಅಯ್ಯೋ ಪಾಪ ಎನ್ನುತ್ತಾರೆ. ನಾನೂ ಬಹಳ ಕಾಲ ಹಾಗೆಯೇ ಅಂದುಕೊಂಡಿದ್ದೆ. ಅಣ್ಣಂದಿರು ತಮ್ಮನನ್ನು ತುಳಿದರು, ತಮ್ಮ ಒಂದು ದಿನ ಸಿಡಿದು ಹೊರಬಂದ—ಕಥೆ ಎಷ್ಟು ಸಲೀಸಾಗಿದೆ! ಆದರೆ 1969ರ ಜನವರಿಯಲ್ಲಿ ಅವರು ಹೊಸ ಹಾಡುಗಳನ್ನು ಅಭ್ಯಾಸ ಮಾಡುತ್ತಿದ್ದುದನ್ನು ದಿನವೂ ಚಿತ್ರೀಕರಿಸಿಟ್ಟಿದ್ದರು. ಆ ಚಿತ್ರದ ಒಂದು ಭಾಗ 2021ರಲ್ಲಿ ಹೊರಬಂದಿತು. ಎಂಟು ಗಂಟೆಗೆ ಸಮೀಪವಾದ ಅದನ್ನು ಮೂರು ರಾತ್ರಿ ಕುಳಿತು ನೋಡಿದ ಮೇಲೆ ನನ್ನ ಅನಿಸಿಕೆ ಅಷ್ಟು ಸಲೀಸಾಗಿ ಉಳಿಯಲಿಲ್ಲ.

ಅದರಲ್ಲಿ ದುಷ್ಟರು ಯಾರೂ ಕಾಣುವುದಿಲ್ಲ. ಒಂದು ಬೆಳಗ್ಗೆ ಹ್ಯಾರಿಸನ್ ಹಿಂದಿನ ರಾತ್ರಿ ಕಟ್ಟಿದ ಹಾಡನ್ನು ತಂದು ಹಾಡಿ ತೋರಿಸುತ್ತಾನೆ. ‘ಐ ಮೀ ಮೈನ್’—ನಾನು, ನನಗೆ, ನನ್ನದು—ಎಂದು ಅದರ ಹೆಸರು. ಅವರು ಅದನ್ನು ನುಡಿಸುತ್ತಿದ್ದರೆ ಲೆನನ್ ತನ್ನ ಸಂಗಾತಿಯನ್ನು ಹಿಡಿದುಕೊಂಡು ಅದಕ್ಕೆ ಕುಣಿಯುತ್ತಾನೆ. ಕುಚೋದ್ಯವೋ ಸಂತೋಷವೋ ಹೇಳಲಾಗದು. ‘ಆಲ್ ಥಿಂಗ್ಸ್ ಮಸ್ಟ್ ಪಾಸ್’ ಎಂಬ ಹಾಡನ್ನು ಎಲ್ಲರೂ ಕೂಡಿ ಮತ್ತೆ ಮತ್ತೆ ಅಭ್ಯಾಸ ಮಾಡುತ್ತಾರೆ. ಬೇಡವೆಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೇಗೋ ಅದು ಪಕ್ಕಕ್ಕೆ ಸರಿದುಹೋಗುತ್ತದೆ. ಆ ತಿಂಗಳ 10ನೆಯ ತಾರೀಕು ಹ್ಯಾರಿಸನ್ ಮೇಳವನ್ನು ಬಿಟ್ಟು ಎದ್ದುಹೋದ. ಹತ್ತು ಹನ್ನೆರಡು ದಿನಗಳಲ್ಲಿ ಹಿಂದಿರುಗಿದ. ದೊಡ್ಡ ಸಂಸಾರಗಳಲ್ಲಿ ಊಟದ ಎಲೆಯ ಮುಂದಿನಿಂದ ಎದ್ದುಹೋದವರು ಮರುದಿನ ಬಂದು ಅದೇ ಪಂಕ್ತಿಯಲ್ಲಿ ಕೂರುತ್ತಾರಲ್ಲವೆ, ಹಾಗೆ.

ನನ್ನ ಮನಸ್ಸಿನಲ್ಲಿ ನಿಂತುದು ಅದೇ ತಿಂಗಳ ಕೊನೆಯಲ್ಲಿ ಬರುವ ಒಂದು ಸಣ್ಣ ಮಾತುಕತೆ. ಹ್ಯಾರಿಸನ್ ಲೆನನ್ನನಿಗೆ ಸಂಕೋಚದಿಂದಲೇ ಹೇಳುತ್ತಾನೆ: ತನ್ನ ಪಾಲಿಗೆ ಸಿಕ್ಕುವ ಜಾಗವನ್ನು ನೋಡಿದರೆ, ಮುಂದಿನ ಹತ್ತು ವರ್ಷಕ್ಕೆ ಸಾಲುವಷ್ಟು ಹಾಡು ಈಗಲೇ ಕೂಡಿಬಿದ್ದಿದೆ, ಅವನ್ನೆಲ್ಲ ಸೇರಿಸಿ ತಾನೊಬ್ಬನೇ ಒಂದು ರೆಕಾರ್ಡು ಮಾಡಿದರೆ ಹೇಗೆ? ಹಾಗೆ ಒಬ್ಬೊಬ್ಬರೂ ಬೇರೆ ಬೇರೆ ಮಾಡಿಕೊಂಡರೆ ಮೇಳವೂ ಚೆನ್ನಾಗಿ ಉಳಿದೀತು ಎಂದೂ ಸೇರಿಸುತ್ತಾನೆ. ಲೆನನ್ ಅಡ್ಡಿ ಹೇಳುವುದಿಲ್ಲ. ಒಲೆ ಬೇರೆ ಮಾಡಿಕೊಂಡರೂ ಮನೆ ಒಂದೇ ಆಗಿರಲಿ ಎಂಬ ಈ ಆಸೆ ನಮಗೆ ಹೊಸದಲ್ಲ. ಅದು ನಡೆದುದನ್ನು ಮಾತ್ರ ನಾನು ಕಂಡಿಲ್ಲ.

ಅಲ್ಲಿಯೂ ನಡೆಯಲಿಲ್ಲ. ಆ ವರ್ಷದ ಸೆಪ್ಟೆಂಬರಿನಲ್ಲಿ ಲೆನನ್ ತಾನು ಮೇಳ ಬಿಟ್ಟೆನೆಂದು ಒಳಗೊಳಗೇ ತಿಳಿಸಿದ. 1970ರ ಜನವರಿಯಲ್ಲಿ ಉಳಿದ ಮೂವರು ಕೂಡಿ ಹೊಸದಾಗಿ ಮುದ್ರಿಸಿದ ಕೊನೆಯ ಹಾಡು ಆ ‘ನಾನು, ನನಗೆ, ನನ್ನದು’ ಎಂಬುದೇ. ಏಪ್ರಿಲಿನಲ್ಲಿ ಮೆಕಾರ್ಟ್ನಿಯ ಮಾತು ಪತ್ರಿಕೆಗಳಲ್ಲಿ ಬಂದು ಮನೆ ಒಡೆದುದು ಊರಿಗೆಲ್ಲ ಗೊತ್ತಾಯಿತು. ಅದರ ಮಗ್ಗುಲಲ್ಲೇ ಮೆಕಾರ್ಟ್ನಿ ತನ್ನ ಹೆಸರಿನ ರೆಕಾರ್ಡು ತಂದ. ಅದರಲ್ಲಿ ಎಲ್ಲ ವಾದ್ಯಗಳನ್ನೂ ಅವನೊಬ್ಬನೇ ನುಡಿಸಿದ್ದ. ಹ್ಯಾರಿಸನ್ನನ ಮೂರು ತಟ್ಟೆಗಳ ಪೆಟ್ಟಿಗೆ ನವೆಂಬರಿನಲ್ಲಿ ಹೊರಬಂದಿತು. ಅದಕ್ಕೆ ಹಿಂದೆಯೂ ಒಂದು ಚಲನಚಿತ್ರದ ಸಂಗೀತ, ವಿದ್ಯುದ್ವಾದ್ಯದ ಒಂದು ಪ್ರಯೋಗ ಎಂದು ಅವನ ಹೆಸರಿನಲ್ಲಿ ಎರಡು ತಟ್ಟೆ ಬಂದಿದ್ದುವು. ಆದರೆ ಹಾಡುಗಾರನಾಗಿ ತನ್ನ ಕಾಲ ಮೇಲೆ ನಿಂತುದು ಇದರಲ್ಲಿಯೇ.

‘ಒಂಟಿ’ ಹಾಡುಗಾರನ ಈ ರೆಕಾರ್ಡಿನಲ್ಲಿ ಇರುವಷ್ಟು ಜನಸಂದಣಿ ನಾನು ಬೇರೆಲ್ಲೂ ಕೇಳಿಲ್ಲ. ನಿರ್ಮಾಣದಲ್ಲಿ ಜೊತೆಗೂಡಿದ ಫಿಲ್ ಸ್ಪೆಕ್ಟರ್, ಹತ್ತಾರು ವಾದ್ಯಗಳನ್ನು ಒಂದೇ ಸಮಯಕ್ಕೆ ನುಡಿಸಿ ಧ್ವನಿಯ ಗೋಡೆ ಎಬ್ಬಿಸುವುದರಲ್ಲಿ ಪ್ರಸಿದ್ಧನಾದವನು. ಎರಿಕ್ ಕ್ಲಾಪ್ಟನ್, ಬಿಲ್ಲಿ ಪ್ರೆಸ್ಟನ್, ಕ್ಲೌಸ್ ವೂರ್ಮನ್, ಕಹಳೆಯವರು, ತಂತಿವಾದ್ಯದವರು. ಇವರ ನಡುವೆ ಡ್ರಮ್ ಹಿಡಿದು ಕುಳಿತವನು ಹಳೆಯ ಮನೆಯ ರಿಂಗೋ. ಒಂದು ಹಾಡು ಪೂರ್ತಿಯಾಗಿ ಬಾಬ್ ಡಿಲನ್ನನದು, ಇನ್ನೊಂದು ಇಬ್ಬರೂ ಕೂಡಿ ಕಟ್ಟಿದ್ದು. ಸೋದರಳಿಯನ ‘ಎಲ್ಲ ಸ್ವಂತದ್ದು’ ಅಲ್ಲಿಗೇ ಸ್ವಲ್ಪ ಸವೆಯಿತು. ಮೂರನೆಯ ತಟ್ಟೆಯಲ್ಲಿರುವುದು ಗೆಳೆಯರು ಮನ ಬಂದಂತೆ ನುಡಿಸಿದ ವಾದ್ಯಗೋಷ್ಠಿ. ಅದು ಇಲ್ಲದಿದ್ದರೂ ನಷ್ಟವಿರಲಿಲ್ಲವೆಂದು ನನ್ನ ಅಭಿಪ್ರಾಯ, ಸೋದರಳಿಯ ಒಪ್ಪುವುದಿಲ್ಲ.

ಮೊದಲಿನ ಎರಡು ತಟ್ಟೆಗಳ ವಿಷಯ ಬೇರೆ. ಅಲ್ಲಿ ವರ್ಷಗಟ್ಟಲೆ ಕಾದ ಹಾಡುಗಳಿವೆ. ‘ಇಸಂಟ್ ಇಟ್ ಎ ಪಿಟಿ’ 1966ರಷ್ಟು ಹಿಂದಿನದು. ಎದ್ದುಹೋದ ದಿನವೇ ಮನೆಯಲ್ಲಿ ಕುಳಿತು ಬರೆದ ‘ವಾ ವಾ’ ಇದೆ. ಮುರಿಯುತ್ತಿರುವ ಸ್ನೇಹವನ್ನು ಕುರಿತ ‘ರನ್ ಆಫ್ ದಿ ಮಿಲ್’ ಇದೆ. ಕೋಪದ ಹಾಡಿನಲ್ಲಿ ಸಹ ಬೈಗುಳ ಕಡಿಮೆ. ಕಾದಿದ್ದರಿಂದ ಈ ಹಾಡುಗಳು ಹಳಸಲಿಲ್ಲ, ಕಳಿತುವು ಎಂದು ನನಗೆ ತೋರುತ್ತದೆ. ಕಾಯಿಸಿದವರಿಗೆ ಇದರಲ್ಲಿ ಹೆಚ್ಚುಗಾರಿಕೆ ಇದೆಯೆಂದು ನಾನು ಹೇಳುತ್ತಿಲ್ಲ.

ಇನ್ನು ಪಾಲಿನ ಪ್ರಶ್ನೆಗೆ ಬರೋಣ. ಇಂಥ ಪ್ರಶ್ನೆಯನ್ನು ನಮ್ಮವರು ಒಂಬೈನೂರು ವರ್ಷಗಳ ಹಿಂದೆಯೇ ಕುಳಿತು ಯೋಚಿಸಿದ್ದರು. ಚಾಲುಕ್ಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿ—ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ—ಇದ್ದ ವಿಜ್ಞಾನೇಶ್ವರನು ಬರೆದ ‘ಮಿತಾಕ್ಷರಾ’ ಇಂದಿಗೂ ವಕೀಲರ ಬಾಯಲ್ಲಿರುವ ಹೆಸರು. ಮನೆಯ ಮಗನೊಬ್ಬ ವಿದ್ಯೆಯಿಂದ ಗಳಿಸಿದ್ದು ಅವನದೇ ಹೌದೆ? ಹೌದು, ತಂದೆಯ ಆಸ್ತಿಗೆ ಹಾನಿಯಾಗದಂತೆ ಗಳಿಸಿದ್ದರೆ, ಎಂಬುದು ಅವನ ನಿಲುವು. ಮನೆಯ ಹಣ ತಿಂದು ಕಲಿತ ವಿದ್ಯೆಯ ಫಲದಲ್ಲಿ ಮನೆಯವರಿಗೂ ಪಾಲುಂಟು. 1930ರಲ್ಲಿ ವಿದ್ಯಾಧನದ ಕಾನೂನು ಬಂದು ಇದನ್ನು ತಿರುಗಿಸಿತು: ಯಾರ ಖರ್ಚಿನಲ್ಲಿ ಕಲಿತಿದ್ದರೂ ಸರಿಯೆ, ಕಲಿತವನ ಗಳಿಕೆ ಕಲಿತವನಿಗೆ.

ಹ್ಯಾರಿಸನ್ನನ್ನು ಕಲ್ಯಾಣದ ಆ ಪಂಡಿತನ ಮುಂದೆ ನಿಲ್ಲಿಸಿದರೆ ಏನಾದೀತು? ಹಾಡು ಕಟ್ಟುವುದನ್ನು ಅವನು ಕಲಿತದ್ದು ಎಲ್ಲಿ? ಇಬ್ಬರು ಅಣ್ಣಂದಿರು ಎದುರುಬದುರು ಕುಳಿತು ಕಟ್ಟುವುದನ್ನು ದಿನವೂ ನೋಡಿ. ಅವನ ಮೊದಲ ಹಾಡು ಬಂದದ್ದು 1963ರಲ್ಲಿ, ಮೇಳದ ಎರಡನೆಯ ತಟ್ಟೆಯಲ್ಲಿ. ಸ್ಟುಡಿಯೋ ಮೇಳದ್ದು, ತಪ್ಪು ತಿದ್ದುತ್ತಿದ್ದ ಹಿರಿಯ ನಿರ್ಮಾಪಕ ಮೇಳದವನು, ಈ ಪೆಟ್ಟಿಗೆಯನ್ನು ಕೊಳ್ಳಲು ಅಂಗಡಿಯ ಮುಂದೆ ನಿಂತ ಲಕ್ಷಾಂತರ ಜನ ಮೇಳದಿಂದ ಬಂದ ಜನ. ಪಿತ್ರಾರ್ಜಿತ ಎನ್ನಲು ಇದಕ್ಕಿಂತ ಏನು ಬೇಕು? ಆದರೆ ತಮ್ಮನ ಪರವಾಗಿ ನಿಂತ ವಕೀಲನೂ ಸುಮ್ಮನಿರುವುದಿಲ್ಲ. “ಸ್ವಾಮಿ, ಈ ಹಾಡುಗಳನ್ನು ಇವನು ಮನೆಯವರ ಮುಂದೆಯೇ ತಂದಿಟ್ಟಿದ್ದ. ಅವರು ಎತ್ತಿಕೊಳ್ಳಲಿಲ್ಲ. ಎತ್ತಿಕೊಳ್ಳದೆ ಬಿಟ್ಟ ವಸ್ತುವಿನಲ್ಲಿ ಪಾಲು ಕೇಳುವುದು ಯಾವ ನ್ಯಾಯ?” ಎಂದಾನು.

ವಿನೋದವೆಂದರೆ, ಇಂಗ್ಲೆಂಡಿನಲ್ಲಿ ಅವರು ತಮಗೆ ತಿಳಿಯದೆಯೇ ಅವಿಭಕ್ತ ಕುಟುಂಬವಾಗಿದ್ದರು. 1967ರಲ್ಲಿ ನಾಲ್ವರೂ ಸಹಿ ಹಾಕಿದ ಪಾಲುದಾರಿಕೆಯ ಕರಾರಿನಂತೆ, ಒಬ್ಬೊಬ್ಬನು ತಾನೇ ಪ್ರತ್ಯೇಕವಾಗಿ ಮಾಡಿದ ರೆಕಾರ್ಡಿನ ಹಣವೂ ಒಂದೇ ಹುಂಡಿಗೆ ಬೀಳಬೇಕು. ಹಾಡು ಬರೆದದ್ದರ ಹಣ ಮಾತ್ರ ಬರೆದವನಿಗೆ. ಬೀಜ ನಿನ್ನದು, ಬೆಳೆ ಎಲ್ಲರದು! ಅಮೆರಿಕದಲ್ಲಿ ಏಳು ವಾರ ಮೊದಲನೆಯ ಸ್ಥಾನದಲ್ಲಿ ನಿಂತ ಈ ಪೆಟ್ಟಿಗೆ ಹೊರಬಂದಾಗ ಆ ಕರಾರು ಇನ್ನೂ ಜೀವಂತವಾಗಿತ್ತು. 1970ರ ಡಿಸೆಂಬರ್ 31ರಂದು ಮೆಕಾರ್ಟ್ನಿ ಲಂಡನ್ನಿನ ಹೈಕೋರ್ಟಿನಲ್ಲಿ ಪಾಲಿನ ದಾವೆ ಹೂಡಿದ. ಕಾಗದದ ಮೇಲೆ ಮನೆ ಪೂರ್ತಿ ಒಡೆಯಲು 1975ರ ಜನವರಿ ಬರಬೇಕಾಯಿತು. ನಮ್ಮ ಬೀಸುವ ಕಲ್ಲಿನ ಮೂರು ತಿಂಗಳು ಏನೂ ಅಲ್ಲ.

ಹಣದ ಮಾತು ಹೀಗೆ ಕೋರ್ಟಿನಲ್ಲಿ ತೀರುತ್ತದೆ. ಋಣದ ಮಾತು ಅಲ್ಲಿ ತೀರುವುದಿಲ್ಲ. ಇದನ್ನು ಈ ಪೆಟ್ಟಿಗೆಯ ಅತಿ ಪ್ರಸಿದ್ಧವಾದ ಹಾಡಿನಷ್ಟು ಚೆನ್ನಾಗಿ ತೋರಿಸುವ ದೃಷ್ಟಾಂತ ನನಗೆ ತಿಳಿದಿಲ್ಲ. ‘ಮೈ ಸ್ವೀಟ್ ಲಾರ್ಡ್’ ದೇವರನ್ನು ಕಾಣಬೇಕೆಂಬ ಹಂಬಲದ ಹಾಡು. ಹಿಮ್ಮೇಳದಲ್ಲಿ ಕ್ರೈಸ್ತರ ಸ್ತುತಿಪದದಿಂದ ಆರಂಭವಾಗಿ ಕೃಷ್ಣನ ನಾಮಕ್ಕೂ ನಮ್ಮ ಗುರುಸ್ತೋತ್ರಕ್ಕೂ ಬಂದು ಸೇರುತ್ತದೆ. ಹಿಂದಿನ ಮನೆಯಿಂದ ಹೊರಬಿದ್ದವನು ಲೋಕದ ಮುಂದೆ ಇದು ನಾನು ಎಂದು ನಿಂತುದು ಈ ಹಾಡಿನಿಂದ. ಅದರ ಮೇಲೆಯೇ 1971ರಲ್ಲಿ ದಾವೆ ಬಿತ್ತು: ಈ ರಾಗ ಕದ್ದದ್ದು!

ಮೂಲವೆಂದು ಹೇಳಿದ್ದು ‘ಹೀ ಈಸ್ ಸೋ ಫೈನ್’ ಎಂಬ ಹಾಡು. ಷಿಫಾನ್ಸ್ ಎಂಬ ಹುಡುಗಿಯರ ಮೇಳ 1963ರಲ್ಲಿ ಹಾಡಿ ಅಮೆರಿಕದಲ್ಲೆಲ್ಲ ಮನೆಮಾತಾಗಿತ್ತು. ಅದನ್ನು ಕಟ್ಟಿದ ರಾನಿ ಮ್ಯಾಕ್ ಎಂಬ ತರುಣ ಅದೇ ವರ್ಷ ತೀರಿಕೊಂಡ. ನ್ಯಾಯಾಧೀಶ ರಿಚರ್ಡ್ ಓವೆನ್ ಸ್ವತಃ ಸಂಗೀತನಾಟಕಗಳನ್ನು ರಚಿಸಿದವನು. ಅವನು ಎರಡು ಹಾಡುಗಳನ್ನೂ ಸ್ವರ ಸ್ವರವಾಗಿ ಬಿಡಿಸಿ ನೋಡಿದ. ನಮ್ಮ ಸ್ವರಗಳಲ್ಲಿ ಹೇಳುವುದಾದರೆ ಮೊದಲು ‘ಪ ಗ ರಿ’ ಎಂಬ ತುಣುಕು, ಮತ್ತೆ ಮತ್ತೆ; ಆಮೇಲೆ ‘ಪ ದ ಸ ದ ಸ’ ಎಂಬುದು, ಮತ್ತೆ ಮತ್ತೆ. ಎರಡರಲ್ಲಿಯೂ ಅದೇ ಕ್ರಮ. ಒಂದು ಕಡೆ ಬರುವ ಸಣ್ಣ ಅನುಸ್ವರ ಸಹ ಅದೇ ಜಾಗದಲ್ಲಿ.

ಸಂಗೀತ ಕಛೇರಿಗಳಿಗೆ ಹೋಗುವ ಓದುಗರು ಇಲ್ಲಿ ನಕ್ಕಾರು. ಮೋಹನ ರಾಗ ಹಾಡುವವರೆಲ್ಲ ಈ ಸ್ವರಗಳನ್ನು ಹಿಡಿಯುವವರೇ. ಯಾರೂ ಯಾರ ಮೇಲೂ ದಾವೆ ಹೂಡುವುದಿಲ್ಲ. ರಾಗ ಊರಬಾವಿ, ಯಾರು ಬೇಕಾದರೂ ಸೇದಬಹುದು. ನಿಜ. ಆದರೆ ಆ ಬಾವಿಯಿಂದ ಸೇದಿ ತುಂಬಿದ ಕೊಡಕ್ಕೆ ನಾವೂ ಗುರುತು ಹಾಕುತ್ತೇವಲ್ಲ! ಕೃತಿಯ ಕೊನೆಯಲ್ಲಿ ಅಂಕಿತವೇಕೆ ಇದೆ? ನ್ಯಾಯಾಧೀಶ ನೋಡಿದ್ದೂ ಬಾವಿಯನ್ನಲ್ಲ, ಕೊಡವನ್ನು.

1976ರ ತೀರ್ಪು ವಿಚಿತ್ರವಾದದ್ದು. ಹ್ಯಾರಿಸನ್ ಬೇಕೆಂದು ಕದಿಯಲಿಲ್ಲ, ಅದನ್ನು ನಂಬುತ್ತೇನೆ. ಆದರೆ ಹಿಂದೆ ಕೇಳಿದ ಹಾಡು ಅವನ ಅರಿವಿನ ಕೆಳಗೆ ಕುಳಿತಿತ್ತು, ಈ ಸ್ವರಗಳ ಜೋಡಣೆ ಕೇಳುಗರನ್ನು ಹಿಡಿಯುತ್ತದೆಂದು ಅವನಿಗಿಂತ ಮೊದಲೇ ಅದಕ್ಕೆ ಗೊತ್ತಿತ್ತು. ಆದುದರಿಂದ ಕಾನೂನಿನ ಕಣ್ಣಿನಲ್ಲಿ ಅದು ನಕಲೇ ಸರಿ. ಅರಿಯದೆ ಮಾಡಿದ್ದಕ್ಕೆ ಹೊಣೆಯೆ? ಮೊದಲು ಓದಿದಾಗ ನನಗೆ ಇದು ಅನ್ಯಾಯವೆಂದೇ ತೋರಿತು. ಈಗ ಅಷ್ಟು ಖಂಡಿತವಾಗಿ ಹೇಳಲಾರೆ. ಅದಕ್ಕೆ ಕಾರಣ ನನ್ನ ಸ್ವಂತದ ಒಂದು ಅನುಭವ. ಬಹಳ ಹಿಂದೆ ಒಂದು ಪ್ರಬಂಧದಲ್ಲಿ ನಾನು ಬರೆದ ಒಂದು ವಾಕ್ಯವನ್ನು ಹಲವರು ಮೆಚ್ಚಿದರು. ನಾನೂ ಒಳಗೊಳಗೇ ಬೀಗಿದೆ. ಮನೆ ಬದಲಿಸುವಾಗ ಕಾಲೇಜಿನ ದಿನಗಳ ನೋಟುಪುಸ್ತಕ ಸಿಕ್ಕಿತು. ಮೇಷ್ಟ್ರು ತರಗತಿಯಲ್ಲಿ ಆಡಿದ್ದನ್ನು ಗೀಚಿಕೊಂಡಿದ್ದ ಪುಟದಲ್ಲಿ ಆ ವಾಕ್ಯ ಹೆಚ್ಚು ಕಡಿಮೆ ಹಾಗೆಯೇ ಇತ್ತು. ನಾನು ಕದ್ದಿರಲಿಲ್ಲ, ಬೇಕಾದರೆ ಪ್ರಮಾಣ ಮಾಡುತ್ತೇನೆ. ಆದರೂ ಮೆಚ್ಚಿಕೆ ನನ್ನ ಜೇಬಿನಲ್ಲಿತ್ತು, ವಾಕ್ಯ ಅವರದಾಗಿತ್ತು. ಅವರ ಮನೆಗೆ ಹೋಗಿ ಹೇಳಬೇಕೆಂದುಕೊಂಡೆ. ವಿಚಾರಿಸಿದರೆ ಅವರು ತೀರಿಕೊಂಡು ಎರಡು ವರ್ಷವಾಗಿತ್ತು. ಅಪರಾಧವಿಲ್ಲದ ಸಾಲವೂ ಉಂಟೆಂದು ನನಗೆ ಅಂದು ತಿಳಿಯಿತು.

ದಾವೆಯ ಮುಂದಿನ ಕಥೆ ಅಷ್ಟು ನವಿರಲ್ಲ. ಪರಿಹಾರದ ಮೊತ್ತ 15,99,987 ಡಾಲರ್ ಎಂದು ಲೆಕ್ಕವಾಯಿತು. ಅಷ್ಟರಲ್ಲಿ, ಹಿಂದೆ ಹ್ಯಾರಿಸನ್ನನ ವ್ಯವಹಾರ ನೋಡಿಕೊಂಡು ಈ ದಾವೆಯಲ್ಲಿ ಅವನ ಪರವಾಗಿ ಓಡಾಡಿದ್ದ ಆಲನ್ ಕ್ಲೈನ್, 1978ರಲ್ಲಿ ಎದುರು ಪಕ್ಷದವರ ಹಕ್ಕನ್ನೇ 5,87,000 ಡಾಲರಿಗೆ ಕೊಂಡುಕೊಂಡು ಹಳೆಯ ಯಜಮಾನನ ಎದುರಿಗೆ ನಿಂತ. ಕೋರ್ಟಿಗೆ ಇದು ಹಿಡಿಸಲಿಲ್ಲ. ಹಾಕಿದ ಹಣಕ್ಕಿಂತ ಒಂದು ಕಾಸೂ ಹೆಚ್ಚು ಪಡೆಯಕೂಡದೆಂದು 1981ರಲ್ಲಿ ತೀರ್ಪಾಯಿತು. ಅರಿಯದೆ ತೆಗೆದುಕೊಂಡವನನ್ನು ಶಿಕ್ಷಿಸಿದ ಕೋರ್ಟಿಗೆ ಅರಿತು ತೆಗೆದುಕೊಳ್ಳಲು ಬಂದವನ ಗುರುತು ಸಿಕ್ಕದೆ ಹೋಗಲಿಲ್ಲ ಎಂಬುದು ನನಗೆ ಸಮಾಧಾನ.

ಹಾಗಾದರೆ ಮೇಳ ಬಿಟ್ಟುದು ತಪ್ಪೆ? ಸೋದರಳಿಯ ನನ್ನನ್ನು ನೇರವಾಗಿ ಹೀಗೆಯೇ ಕೇಳಿದ. ತಪ್ಪೆಂದು ನಾನು ಹೇಳಲಾರೆ. ಆ ಹಾಡುಗಳು ಹುಟ್ಟಿ, ಮನೆಯಲ್ಲಿ ಜಾಗವಿಲ್ಲದೆ ಜಗಲಿಯ ಮೇಲೆ ಕುಳಿತಿದ್ದುವು. ಅವನ್ನು ಹಾಗೆಯೇ ಕೂರಿಸಿ ಮನೆ ಒಡೆಯದಂತೆ ನೋಡಿಕೊಂಡಿದ್ದರೆ ಅದು ಯಾವ ಪುಣ್ಯ? ಆದರೆ ಹೊರಬಂದು ಇಟ್ಟ ಮೊದಲ ಹೆಜ್ಜೆಯಲ್ಲೇ, ತನ್ನದೇ ತನ್ನದು ಎಂದುಕೊಂಡ ಹಾಡಿನಲ್ಲೇ, ಇವನು ಹೆಸರು ಸಹ ನೆನೆಯದ ಸತ್ತ ತರುಣನೊಬ್ಬ ಕುಳಿತಿದ್ದ. ಒಂದು ಮನೆಯಿಂದ ಪಾಲು ತೆಗೆದುಕೊಂಡು ಹೊರಟವನು ಇನ್ನೊಂದು ಮನೆಯ ಅಂಗಳದಲ್ಲೇ ಕಾಲಿಟ್ಟ. ಅಲ್ಲಿಂದ ಮುಂದೆ ಎಲ್ಲಿಗೆ ಹೋದರೂ ಯಾರದೋ ಅಂಗಳವೇ. ಇದನ್ನು ತಿಳಿದುಕೊಂಡವನು ಮನೆ ಬಿಡಬಹುದು, ತಿಳಿಯದವನು ಮನೆಯೊಳಗೇ ಇದ್ದರೂ ಕಷ್ಟ, ಎಂದೆ. “ಇದು ಉತ್ತರವಲ್ಲ ಮಾವ” ಎಂದ. ಇರಬಹುದು.

ಹೊರಬಂದ ಸ್ವಾತಂತ್ರ್ಯವನ್ನು ಹ್ಯಾರಿಸನ್ ಮೊದಲು ಬಳಸಿದ ರೀತಿಯನ್ನೂ ಹೇಳದೆ ಬಿಡಬಾರದು. ರವಿಶಂಕರ್ ಅವರು ಬಾಂಗ್ಲಾದ ನಿರಾಶ್ರಿತರಿಗಾಗಿ ಏನಾದರೂ ಮಾಡಬೇಕೆಂದು ಕೇಳಿದಾಗ, 1971ರ ಆಗಸ್ಟ್ 1ರಂದು ನ್ಯೂಯಾರ್ಕಿನಲ್ಲಿ ದೊಡ್ಡ ಸಂಗೀತಗೋಷ್ಠಿ ನಡೆಸಿಕೊಟ್ಟ. ಡ್ರಮ್ ಬಾರಿಸಲು ರಿಂಗೋ ಅಲ್ಲಿಗೂ ಬಂದಿದ್ದ. ಮೂವತ್ತು ವರ್ಷಗಳ ಮೇಲೆ, 2001ರಲ್ಲಿ ಮೂರು ತಟ್ಟೆಗಳ ಪೆಟ್ಟಿಗೆಯನ್ನು ಮತ್ತೆ ಹೊರತಂದಾಗ, ಆ ದೊಡ್ಡ ಸದ್ದಿನ ಗೋಡೆಯಿಂದ ಕೆಲವು ಹಾಡುಗಳನ್ನು ಬಿಡಿಸಿಕೊಳ್ಳಬೇಕೆನಿಸುತ್ತದೆ ಎಂದು ಬರೆದ. ಅದೇ ವರ್ಷ ನವೆಂಬರ್ 29ರಂದು ತೀರಿಕೊಂಡ.

ಸರಿಯಾಗಿ ಒಂದು ವರ್ಷಕ್ಕೆ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಗೆಳೆಯರೆಲ್ಲ ಸೇರಿ ಅವನ ನೆನಪಿಗೆ ಹಾಡಿದರು. ಸೋದರಳಿಯ ಅದರ ಚಿತ್ರವನ್ನೂ ತೋರಿಸಿದ. ಕ್ಲಾಪ್ಟನ್ ಇದ್ದಾನೆ, ರಿಂಗೋ ಇದ್ದಾನೆ. ಅಪ್ಪನ ಮುಖವನ್ನೇ ಹೊತ್ತ ಮಗ ಗಿಟಾರು ಹಿಡಿದು ನಿಂತಿದ್ದಾನೆ. ಆಗ ತಲೆ ನರೆಯುವ ವಯಸ್ಸಿನ ಮೆಕಾರ್ಟ್ನಿ ಮುಂದೆ ಬರುತ್ತಾನೆ. ಅವನು ಅಲ್ಲಿ ಹಾಡಿದವುಗಳಲ್ಲಿ ಒಂದು, ಮೂವತ್ತಮೂರು ವರ್ಷಗಳ ಹಿಂದೆ ಅವರೆಲ್ಲ ಕೂಡಿ ದಿನಗಟ್ಟಲೆ ಅಭ್ಯಾಸ ಮಾಡಿ ಪಕ್ಕಕ್ಕೆ ಸರಿಸಿಬಿಟ್ಟಿದ್ದ ‘ಆಲ್ ಥಿಂಗ್ಸ್ ಮಸ್ಟ್ ಪಾಸ್’.